ನಾಲ್ಕು ಬದಿ ತಿಳಿದರೆ ಸಾಲದು

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮಂಥ ಕನ್ನಡಿಗರ ಮನೆಗಳಲ್ಲಿ ಸಂಜೆಯ ಹೊತ್ತು ಒಂದು ವಿಚಿತ್ರವಾದ ಮೌನ ಕವಿಯುವುದುಂಟು. ಮಗನೋ ಮಗಳೋ ಗಣಿತದ ಪುಸ್ತಕ ಹಿಡಿದು ಬಂದು, ‘ಅಪ್ಪಾ, ಇದೊಂದು ಲೆಕ್ಕ ಹೇಳಿಕೊಡಿ’ ಎಂದೊಡನೆ, ಬಿ. ಎ. ಪಾಸು ಮಾಡಿ ಹಗಲೆಲ್ಲ ಕಚೇರಿಯಲ್ಲಿ ಫೈಲು ತಿದ್ದಿ ಬಂದ ತಂದೆಯು ಕೈಯಲ್ಲಿದ್ದ ಪತ್ರಿಕೆಯನ್ನು ಇನ್ನೂ ಒಂದು ಗೇಣು ಮೇಲಕ್ಕೆತ್ತಿ ಮುಖ ಮರೆಸಿಕೊಳ್ಳುತ್ತಾನೆ. ಲೆಕ್ಕ ಬಾರದೆ ಅಲ್ಲ, ಹೆಸರು ಬಾರದೆ. ತಾನು ಕಲಿತದ್ದು ಒಂದು ಭಾಷೆಯಲ್ಲಿ, ಮಕ್ಕಳು ಕಲಿಯುತ್ತಿರುವುದು ಇನ್ನೊಂದರಲ್ಲಿ.

ಒಂದು ಉದಾಹರಣೆ ನೋಡಿರಿ. ನಾವು ಊರಿನ ಶಾಲೆಯಲ್ಲಿ ‘ಸಮಾಂತರ ಚತುರ್ಭುಜ’ ಎಂದು ಓದಿದ ಆಕೃತಿಗೆ ಮುಂಬಯಿ, ಪುಣೆಗಳ ಮರಾಠಿ ಶಾಲೆಯಲ್ಲಿ ‘ಸಮಾಂತರಭುಜ ಚೌಕೋನ’ ಎಂದು ಹೆಸರು. ದಿಲ್ಲಿಯ ಹಿಂದಿಯಲ್ಲಿಯೂ ಹೈದರಾಬಾದಿನ ತೆಲುಗಿನಲ್ಲಿಯೂ ಹೆಚ್ಚು ಕಡಿಮೆ ನಮ್ಮ ಹೆಸರೇ ಇದೆ. ಚೆನ್ನೈಯವರಾದರೋ ‘ಇಣೈಕರಂ’ ಎನ್ನುತ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಅದು ಪ್ಯಾರಲಲೋಗ್ರಾಮ್. ಇವುಗಳಲ್ಲಿ ಮರಾಠಿಯ ಮಾತೇ ನಮ್ಮವರನ್ನು ಹೆಚ್ಚು ಎಡವಿಸುವಂಥದು. ಕನ್ನಡದ ‘ಚೌಕ’ಕ್ಕೆ ನಾಲ್ಕು ಬದಿಯೂ ಸಮ, ನಾಲ್ಕು ಮೂಲೆಯೂ ನೆಟ್ಟಗೆ. ಮರಾಠಿಯ ‘ಚೌಕೋನ’ವೆಂದರೆ ನಾಲ್ಕು ಬದಿಯುಳ್ಳ ಯಾವ ಆಕೃತಿಯಾದರೂ ಸರಿ, ನಮ್ಮ ಚೌಕಕ್ಕೆ ಅವರು ಅನ್ನುವುದು ‘ಚೌರಸ’. ಈ ಒಂದು ಮಾತನ್ನು ತಿಳಿದುಕೊಂಡರೆ ಪತ್ರಿಕೆಯನ್ನು ಅರ್ಧಕ್ಕಾದರೂ ಇಳಿಸಬಹುದು.

ಹೆಸರಿನ ತೊಡಕು ಕಳೆದರೆ ವಸ್ತು ನಮಗೆ ಹೊಸದಲ್ಲ. ದೀಪಾವಳಿಗೆ ಶಂಕರಪೋಳಿ ಕೊಯ್ಯುವಾಗ ಲಟ್ಟಿಸಿದ ಹಾಳೆಯ ಮೇಲೆ ಒಂದು ದಿಕ್ಕಿಗೆ ಸಾಲು ಗೆರೆಗಳನ್ನೆಳೆದು, ಅವನ್ನು ಓರೆಯಾಗಿ ದಾಟುವಂತೆ ಇನ್ನೊಂದು ಸಾಲು ಎಳೆಯುತ್ತಾರಷ್ಟೆ. ಅಲ್ಲಿ ಹುಟ್ಟುವ ಒಂದೊಂದು ತುಂಡೂ ಸಮಾಂತರ ಚತುರ್ಭುಜವೇ. ಮುಂಬಯಿಯ ಹಳೆಯ ಕಟ್ಟಡಗಳ ಲಿಫ್ಟಿಗೆ ಹಾಕಿರುವ ಮಡಿಸುವ ಕಬ್ಬಿಣದ ಬಾಗಿಲಲ್ಲಿ ನೋಡಿದರೂ ಅದೇ ಆಕೃತಿ, ಒಂದರ ಮೇಲೊಂದು. ಕಿರಾಣಿ ಅಂಗಡಿಯ ಮೇಜಿನ ಮೇಲೆ ಕೂರುವ, ತಟ್ಟೆಗಳು ಮೇಲುಗಡೆ ಇರುವ ತಕ್ಕಡಿಯ ಹೊಟ್ಟೆಯಲ್ಲಿ ಅಡಗಿರುವುದೂ ಅದೇ. ಫ್ರಾನ್ಸಿನ ರೋಬರ್ವಾಲ್ ಎಂಬ ಗಣಿತಜ್ಞನು 1669ರಲ್ಲಿ ಈ ಬಗೆಯ ತಕ್ಕಡಿಯನ್ನು ತೋರಿಸಿದನು. ದಂಡಿಗೆ ಮೇಲೆ ಕೆಳಗೆ ಆಡಿದರೂ ಎದುರುಬದುರಿನ ಬದಿಗಳು ಸಮಾಂತರವಾಗಿಯೇ ಉಳಿಯುವುದರಿಂದ ತಟ್ಟೆಗಳು ವಾಲುವುದಿಲ್ಲ. ಬೇಳೆಯು ಜಾರಿ ಚೆಲ್ಲುವುದಿಲ್ಲ.

ಈ ಆಕೃತಿಯ ಲಕ್ಷಣವನ್ನು ಹೇಳುವುದಕ್ಕೆ ಒಂದೇ ಮಾತು ಸಾಕು: ಎದುರುಬದುರಿನ ಬದಿಗಳು ಒಂದಕ್ಕೊಂದು ಸಮಾಂತರ. ಮಿಕ್ಕ ಗುಣಗಳನ್ನು ಮಕ್ಕಳು ಉರು ಹೊಡೆಯುತ್ತಾರೆ, ಹೊಡೆಯಬೇಕಾದುದಿಲ್ಲ. ಕಾಗದದ ಮೇಲೆ ಒಂದು ಸಮಾಂತರ ಚತುರ್ಭುಜ ಬರೆದು, ಮೂಲೆಯಿಂದ ಎದುರು ಮೂಲೆಗೆ ಒಂದು ಗೆರೆ, ಎಂದರೆ ಕರ್ಣವನ್ನು ಎಳೆಯಿರಿ. ಆಕೃತಿ ಎರಡು ತ್ರಿಭುಜಗಳಾಯಿತು. ಕರ್ಣವು ಎರಡು ಜೊತೆ ಸಮಾಂತರ ಗೆರೆಗಳನ್ನೂ ದಾಟುವುದರಿಂದ ಅದರ ಎರಡು ತುದಿಗಳಲ್ಲಿ ಹುಟ್ಟುವ ಪರ್ಯಾಯ ಕೋನಗಳು ಜೊತೆಜೊತೆಯಾಗಿ ಸಮ. ನಡುವಿನ ಕರ್ಣವಂತೂ ಎರಡು ತ್ರಿಭುಜಗಳಿಗೂ ಸೇರಿದ ಬದಿ. ಎರಡು ಕೋನ, ನಡುವಿನ ಒಂದು ಬದಿ ಸಮವಾದ ಮೇಲೆ ತ್ರಿಭುಜಗಳು ಸರ್ವಸಮ. ಒಂದನ್ನು ಕತ್ತರಿಸಿ ತಿರುಗಿಸಿ ಇನ್ನೊಂದರ ಮೇಲೆ ಇಟ್ಟರೆ ಕೂದಲೆಳೆಯೂ ಮಿಕ್ಕದು. ಇಷ್ಟರಿಂದಲೇ ಎದುರು ಬದಿಗಳು ಸಮ ಎಂಬುದೂ, ಎದುರು ಕೋನಗಳು ಸಮ ಎಂಬುದೂ, ಕರ್ಣವು ಕ್ಷೇತ್ರವನ್ನು ಸರಿಯಾಗಿ ಅರ್ಧ ಮಾಡುತ್ತದೆಂಬುದೂ ಒಟ್ಟಿಗೆ ಕೈಗೆ ಬಂದವು. ಯೂಕ್ಲಿಡನು ಕ್ರಿಸ್ತನಿಗೆ ಸುಮಾರು 300 ವರ್ಷ ಮುಂಚೆ ರಚಿಸಿದ ಗ್ರಂಥದ ಮೊದಲನೆಯ ಭಾಗದಲ್ಲಿ 34ನೆಯ ಪ್ರಮೇಯವಾಗಿ ಹೇಳಿದ್ದೂ ಇದನ್ನೇ. ಎರಡನೆಯ ಕರ್ಣವನ್ನೂ ಎಳೆದರೆ, ಕರ್ಣಗಳು ಒಂದನ್ನೊಂದು ಅರ್ಧಿಸುತ್ತವೆಂಬುದು ಅದೇ ಯುಕ್ತಿಯಿಂದ ತಿಳಿಯುತ್ತದೆ. ಮಕ್ಕಳ ಕೈಗೆ ಕತ್ತರಿ ಕೊಟ್ಟು ಇದನ್ನು ಒಮ್ಮೆ ಮಾಡಿಸಿದರೆ ಪಾಠ ಒಂದು ವರ್ಷ ಮರೆಯುವುದಿಲ್ಲ.

ಕೋನಗಳ ವಿಚಾರದಲ್ಲಿ ಈ ಆಕೃತಿಯು ಬಲು ಉದಾರಿ. ಒಂದು ಕೋನ ಹೇಳಿದರೆ ನಾಲ್ಕನ್ನೂ ಕೊಟ್ಟುಬಿಡುತ್ತದೆ. ಎದುರಿನದು ಅಷ್ಟೇ, ಪಕ್ಕದ ಎರಡೂ 180ಕ್ಕೆ ಎಷ್ಟು ಕಡಿಮೆಯೋ ಅಷ್ಟು. 70 ಡಿಗ್ರಿ ಎಂದರೆ 70, 110, 70, 110. ಆದರೆ ಪರೀಕ್ಷೆಯಲ್ಲಿ ಇಷ್ಟು ನೇರವಾಗಿ ಕೇಳಿದರೆ ಮೇಷ್ಟ್ರ ಮರ್ಯಾದೆ ಉಳಿಯಬೇಕಲ್ಲ! ಅದಕ್ಕೆ ಅಳತೆಯನ್ನು ಮುಸುಕಿನಲ್ಲಿಟ್ಟು ಕೇಳುತ್ತಾರೆ. ಮಕ್ಕಳ ಪುಸ್ತಕದಲ್ಲಿ ಆ ಮುಸುಕಿನ ಹೆಸರು ಎಕ್ಸ್. ನಮ್ಮ ಹಳೆಯ ಗಣಿತಿಗಳು ಅದನ್ನು ‘ಅವ್ಯಕ್ತ’ವೆಂದು ಕರೆದು, ಮೊದಲನೆಯ ಅವ್ಯಕ್ತಕ್ಕೆ ‘ಯಾವತ್ತಾವತ್’ ಎಂದು ಹೆಸರಿಟ್ಟು, ‘ಯಾ’ ಎಂದು ಮೊದಲ ಅಕ್ಷರ ಮಾತ್ರ ಬರೆಯುತ್ತಿದ್ದರು. ಎರಡನೆಯದು ಮೂರನೆಯದು ಬೇಕಾದರೆ ಬಣ್ಣಗಳ ಹೆಸರು: ಕಾಲಕ, ನೀಲಕ, ಪೀತಕ. ಇಲ್ಲಿ ನಾನೂ ‘ಯಾ’ವನ್ನೇ ಇಟ್ಟುಕೊಳ್ಳುತ್ತೇನೆ.

ಲೆಕ್ಕ ಹೀಗಿರಲಿ: ಸಮಾಂತರ ಚತುರ್ಭುಜವೊಂದರ ಅಕ್ಕಪಕ್ಕದ ಎರಡು ಕೋನಗಳಲ್ಲಿ ಒಂದು 2ಯಾ + 10 ಡಿಗ್ರಿ, ಇನ್ನೊಂದು 3ಯಾ − 5 ಡಿಗ್ರಿ. ಕೋನಗಳೆಷ್ಟು? ಎರಡನ್ನೂ ಕೂಡಿಸಿದರೆ 5ಯಾ + 5. ಅದು 180ಕ್ಕೆ ಸಮ. ಆದುದರಿಂದ 5ಯಾ ಎಂದರೆ 175, ಯಾ ಎಂದರೆ 35. ಕೋನಗಳು 80 ಮತ್ತು 100. ಇಲ್ಲಿ ಅನೇಕ ಮಕ್ಕಳು ಅವಸರಪಟ್ಟು, ‘ಸಮಾಂತರ ಚತುರ್ಭುಜವಲ್ಲವೆ, ಕೋನಗಳು ಸಮ’ ಎಂದು ಎರಡನ್ನೂ ಸರಿದೂಗಿಸಿಬಿಡುತ್ತಾರೆ. ಆಗ ಯಾ 15 ಆಗಿ ಎರಡು ಕೋನವೂ 40 ಎಂದು ಬರುತ್ತದೆ. ಗಣಿತದ ಹೆಜ್ಜೆಗಳಲ್ಲಿ ತಪ್ಪು ಕಾಣದು. ಆದರೆ ಅಕ್ಕಪಕ್ಕದ ಮೂಲೆಗಳೆರಡೂ 40 ಆದರೆ ಆ ಬದಿಗಳು ಮೇಲೆ ಹೋಗಿ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ, ಸಮಾಂತರವಾಗಿ ಉಳಿಯುವುದಿಲ್ಲ. ಉತ್ತರ ಬಂದ ಮೇಲೆ ಅದನ್ನು ಚಿತ್ರದಲ್ಲಿ ಬರೆದು ನೋಡುವ ಚಾಳಿ ಹಾಕಿಸಿದರೆ ಈ ತಪ್ಪು ತಾನಾಗಿ ನಿಲ್ಲುತ್ತದೆ.

ಕರ್ಣದ ಲೆಕ್ಕವೂ ಇದೇ ಜಾಡಿನದು. ಒಂದು ಕರ್ಣವು ನಡುವೆ ಕತ್ತರಿಸಲ್ಪಟ್ಟು ಒಂದು ತುಂಡು 3ಯಾ − 1, ಇನ್ನೊಂದು 2ಯಾ + 4 ಆದರೆ, ಇಲ್ಲಿ ಮಾತ್ರ ಸರಿದೂಗಿಸಬೇಕು. ಯಾ 5, ತುಂಡು 14, ಕರ್ಣ 28. ಯಾವುದನ್ನು ಸಮವೆನ್ನಬೇಕು, ಯಾವುದನ್ನು ಕೂಡಿಸಿ 180 ಎನ್ನಬೇಕು ಎಂಬುದು ಗೊತ್ತಾದವನಿಗೆ ಈ ಅಧ್ಯಾಯದ ಮುಕ್ಕಾಲು ಪಾಲು ಮುಗಿಯಿತು.

ಉಳಿದ ಕಾಲು ಪಾಲೇ ಬಲವಾದದ್ದು. ಅದು ವಿಸ್ತೀರ್ಣದ ವಿಚಾರ. ಅದಕ್ಕೆ ಎರಡು ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಒಂದು, ನಮ್ಮ ಕಚೇರಿಯಲ್ಲಿ ಯಥೇಚ್ಛವಾಗಿ ದೊರೆಯುವ ಬಿಳಿ ಹಾಳೆಗಳ ಕಟ್ಟು. ಅದನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟರೆ ಎದುರಿಗೆ ಕಾಣುವ ಮುಖ ಆಯತ. ಮೇಲಿನ ಹಾಳೆಗಳನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿ ಓರೆಮಾಡಿದರೆ ಅದೇ ಮುಖ ಸಮಾಂತರ ಚತುರ್ಭುಜ. ಹಾಳೆಗಳ ಸಂಖ್ಯೆ ಅಷ್ಟೇ ಇದೆ, ಎತ್ತರ ಅಷ್ಟೇ ಇದೆ. ಆದುದರಿಂದ ವಿಸ್ತೀರ್ಣವೂ ಅಷ್ಟೇ. ಪಕ್ಕದ ಓರೆ ಬದಿ ಮಾತ್ರ ಉದ್ದವಾಗಿದೆ. ಎರಡು, ನಾನು ಆಗಲೇ ಹೇಳಿದ ಲಿಫ್ಟಿನ ಬಾಗಿಲು. ಅಥವಾ ನಾಲ್ಕು ಪಟ್ಟಿಗಳನ್ನು ಮೂಲೆಗೊಂದು ಮೊಳೆ ಹೊಡೆದು ಜೋಡಿಸಿದ ಚೌಕಟ್ಟು. ಅದನ್ನು ಓರೆಮಾಡಿದರೆ ಪಟ್ಟಿಗಳ ಉದ್ದ ಒಂದು ನೂಲಿನಷ್ಟೂ ಬದಲಾಗದು. ಆದರೆ ಎತ್ತರ ಕುಗ್ಗುತ್ತದೆ, ವಿಸ್ತೀರ್ಣ ಕುಗ್ಗುತ್ತದೆ. ತಳ್ಳುತ್ತ ಹೋದರೆ ಕಡೆಗೆ ಪಟ್ಟಿಗಳು ಒಂದರ ಮೇಲೊಂದು ಮಲಗಿ ವಿಸ್ತೀರ್ಣವೇ ಇಲ್ಲವಾಗುತ್ತದೆ.

ಎರಡೂ ಓರೆಯೇ, ಒಂದರಲ್ಲಿ ವಿಸ್ತೀರ್ಣ ಉಳಿಯಿತು, ಇನ್ನೊಂದರಲ್ಲಿ ಕರಗಿತು. ವಿಸ್ತೀರ್ಣವು ಪಾದ ಮತ್ತು ಎತ್ತರಗಳ ಗುಣಲಬ್ಧವೇ ಹೊರತು ಪಾದ ಮತ್ತು ಓರೆ ಬದಿಯ ಗುಣಲಬ್ಧವಲ್ಲ ಎಂಬುದು ಇದರಿಂದ ಮನಸ್ಸಿಗೆ ನಾಟುತ್ತದೆ. ಶಂಕರಪೋಳಿಯ ಮಾತು ಬಂದದ್ದರಿಂದ ಒಂದು ಸಣ್ಣ ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ಎರಡು ದಿಕ್ಕಿನ ಗೆರೆಗಳ ನಡುವಿನ ಅಗಲವೂ ಒಂದೇ ಆಗಿದ್ದರೆ ತುಂಡಿನ ನಾಲ್ಕು ಬದಿಯೂ ಸಮವಾಗಿ ವಜ್ರಾಕೃತಿಯೇ ಬರಬೇಕು, ಎಷ್ಟು ಓರೆಯಾಗಿ ಕೊಯ್ದರೂ ಸರಿ. ಏಕೆಂದರೆ ಯಾವ ಬದಿಯನ್ನು ಪಾದವೆಂದು ಹಿಡಿದರೂ ತುಂಡಿನ ವಿಸ್ತೀರ್ಣ ಒಂದೇ. ಎತ್ತರಗಳೂ ಸಮವಾದ ಮೇಲೆ ಪಾದಗಳು ಸಮವಾಗದೆ ಏನು ಮಾಡಿಯಾವು? ನಮ್ಮ ಹೆಂಗಸರು ಕಣ್ಣಳತೆಯಲ್ಲೇ ಸಾಧಿಸುವ ಈ ಕೆಲಸಕ್ಕೆ ಹಿಂದೆ ಇರುವ ಪ್ರಮೇಯ ಇದು.

ನಾಲ್ಕು ಬದಿಗಳ ಅಳತೆ ಗೊತ್ತಿದ್ದರೂ ವಿಸ್ತೀರ್ಣ ಗೊತ್ತಾಗದು ಎಂಬ ಈ ಮಾತನ್ನು ಕೇಳಿ ಕೆಲವರು ನಂಬುವುದಿಲ್ಲ. ಅವರ ಜೊತೆಗೆ ಜಗಳವಾಡಿದವರಲ್ಲಿ ಮುಖ್ಯನು ಭಾಸ್ಕರಾಚಾರ್ಯ. ಹುಟ್ಟಿದ್ದು 1114ರಲ್ಲಿ, ‘ಲೀಲಾವತಿ’ ಸೇರಿದ ಸಿದ್ಧಾಂತ ಶಿರೋಮಣಿಯನ್ನು ರಚಿಸಿದ್ದು 1150ರಲ್ಲಿ. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ಎಂಬುದು ತನ್ನ ಊರೆಂದು ಅವನೇ ಹೇಳಿದ್ದಾನೆ. ಅದು ನಮ್ಮ ವಿಜಯಪುರವೆಂದು ಕೆಲವರೂ, ಖಾನದೇಶದ ಕಡೆಯದೆಂದು ಕೆಲವರೂ ವಾದಿಸುತ್ತಾರೆ. ಮುಂಬಯಿಯಲ್ಲಿ ಕುಳಿತು ನಾನು ಆ ವಾದದಲ್ಲಿ ಬೀಳುವುದು ಕ್ಷೇಮವಲ್ಲ. ಅವನಿಗಿಂತ ಐದು ಶತಮಾನ ಮುಂಚೆ, 628ರಲ್ಲಿ, ಬ್ರಹ್ಮಗುಪ್ತನು ನಾಲ್ಕು ಬದಿಗಳಿಂದಲೇ ಚತುರ್ಭುಜದ ವಿಸ್ತೀರ್ಣ ತೆಗೆಯುವ ಸೊಗಸಾದ ಸೂತ್ರವನ್ನು ಕೊಟ್ಟಿದ್ದನು. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ ಅದು ತುಂಬ ಸರಿ. ಸಮಾಂತರ ಚತುರ್ಭುಜಗಳಲ್ಲಿ ಹಾಗೆ ವೃತ್ತದ ಮೇಲೆ ಕೂರುವುದು ಆಯತ ಮಾತ್ರ. ಓರೆಯಾದದ್ದಕ್ಕೆ ಅದೇ ಸೂತ್ರ ಹಚ್ಚಿದರೆ ಬರುವುದು ಆಯತದ ವಿಸ್ತೀರ್ಣವೇ, ಎಂದರೆ ಆ ಬದಿಗಳಿಗೆ ದೊರೆಯಬಹುದಾದ ಅತ್ಯಧಿಕ ವಿಸ್ತೀರ್ಣ. ಭಾಸ್ಕರನು ಇದನ್ನು ಅಸ್ಫುಟವೆಂದು ಹೇಳಿ ಸುಮ್ಮನಾಗಲಿಲ್ಲ. ಲಂಬವನ್ನಾಗಲಿ ಕರ್ಣವನ್ನಾಗಲಿ ಹೇಳದೆ ಚತುರ್ಭುಜದ ವಿಸ್ತೀರ್ಣ ಕೇಳುವವನು ಪಿಶಾಚಿಯೇ ಸರಿ, ಅದಕ್ಕೆ ಉತ್ತರ ಕೊಡುವವನು ಅವನಿಗಿಂತ ದೊಡ್ಡ ಪಿಶಾಚಿ ಎಂದು ಬೈದುಬಿಟ್ಟಿದ್ದಾನೆ. ಪಾಠ್ಯಪುಸ್ತಕಗಳಲ್ಲಿ ಇಷ್ಟು ರುಚಿಯಾದ ಮಾತು ಈಗ ಎಲ್ಲಿದೆ?

ಬೈದು ಬಿಡದೆ ಉದಾಹರಣೆಯನ್ನೂ ಕೊಟ್ಟಿದ್ದಾನೆ. ನಾಲ್ಕು ಬದಿಯೂ 25 ಇರುವ ಚತುರ್ಭುಜ. ಅದರ ಒಂದು ಕರ್ಣ 30 ಎಂದು ಹಿಡಿದರೆ ಇನ್ನೊಂದು 40, ವಿಸ್ತೀರ್ಣ 600. ಒಂದು ಕರ್ಣ 14 ಎಂದರೆ ಇನ್ನೊಂದು 48, ವಿಸ್ತೀರ್ಣ 336. ಕರ್ಣಗಳೆರಡೂ ಸಮವಾದರೆ ಚೌಕವಾಗಿ 625. ಬದಿ ಅವೇ, ವಿಸ್ತೀರ್ಣ ಮೂರು ಬಗೆ. ವಜ್ರಾಕೃತಿಯ ವಿಸ್ತೀರ್ಣ ಕರ್ಣಗಳ ಗುಣಲಬ್ಧದ ಅರ್ಧವೆಂಬುದನ್ನು ನೆನಪಿಟ್ಟರೆ ಯಾರು ಬೇಕಾದರೂ ತಾಳೆ ನೋಡಬಹುದು.

ಹಾಗಾದರೆ ಉಳಿದವರಿಗೆ ಇದು ತಿಳಿದಿರಲಿಲ್ಲವೆ? ತಿಳಿದಿತ್ತು. ನಮ್ಮ ನಾಡಿನಲ್ಲೇ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಗಣಿತಸಾರ ಸಂಗ್ರಹ’ವನ್ನು ಬರೆದ ಮಹಾವೀರಾಚಾರ್ಯನು ಕ್ಷೇತ್ರದ ಲೆಕ್ಕವನ್ನು ಎರಡು ಬಗೆಯಾಗಿ ಮಾಡಿದ್ದಾನೆ. ವ್ಯಾವಹಾರಿಕ ಒಂದು, ಸೂಕ್ಷ್ಮ ಒಂದು. ಎದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ, ಎರಡು ಅರ್ಧಗಳನ್ನು ಗುಣಿಸುವುದು ವ್ಯಾವಹಾರಿಕ, ಸುಮಾರಿನ ಲೆಕ್ಕ. ನಿಖರವಾದುದು ಬೇಕಾದರೆ ಸೂಕ್ಷ್ಮದ ದಾರಿ ಬೇರೆ. ಸುಮಾರಿನದನ್ನು ಸುಮಾರಿನದೆಂದೇ ಹೆಸರಿಟ್ಟು ಹೇಳಿದ ಆ ಪ್ರಾಮಾಣಿಕತೆ ನನಗೆ ಮೆಚ್ಚುಗೆಯಾಯಿತು. 12ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರ ಗಣಿತ, ಕ್ಷೇತ್ರ ಗಣಿತಗಳನ್ನು ಕನ್ನಡದಲ್ಲೇ ಬರೆದನು. ಲೆಕ್ಕಕ್ಕೆ ಕನ್ನಡ ಒಗ್ಗದೆಂಬವರು ಆ ಹೆಸರನ್ನು ಕೇಳಿರಲಿ.

ಆ ವ್ಯಾವಹಾರಿಕ ಸೂತ್ರವು ತಾಳೆಗರಿಯಲ್ಲಿ ಉಳಿದುಹೋಗಿಲ್ಲ. ಇಂದಿಗೂ ಎಷ್ಟೋ ಕ್ರಯಪತ್ರಗಳಲ್ಲಿ ಸೊಟ್ಟ ನಿವೇಶನದ ಅಳತೆಯನ್ನು ಪೂರ್ವ-ಪಶ್ಚಿಮದ ಎರಡು ಬದಿ ಕೂಡಿಸಿ ಅರ್ಧ, ಉತ್ತರ-ದಕ್ಷಿಣದ ಎರಡು ಬದಿ ಕೂಡಿಸಿ ಅರ್ಧ ಎಂದೇ ಬರೆಯುತ್ತಾರೆ. ನಮ್ಮಂಥವರಿಗೆ ಇದರಲ್ಲಿ ಎಚ್ಚರ ಬೇಕು. ಏಕೆಂದರೆ ನಾವು ಊರು ಬಿಟ್ಟವರು; ನಿವೃತ್ತಿಯ ದುಡ್ಡಿನಲ್ಲಿ ಊರಿನ ಕಡೆ ಒಂದು ನಿವೇಶನ ಕೊಳ್ಳುವ ಆಸೆಯುಳ್ಳವರು; ರಜೆಯಲ್ಲಿ ಎರಡು ದಿನ ಹೋಗಿ, ನಾಲ್ಕು ಬದಿ ಅಳೆದು, ಮುಂಗಡ ಕೊಟ್ಟು ರೈಲು ಹತ್ತುವವರು.

ನನಗೆ ಪರಿಚಯದ ಹಿರಿಯರೊಬ್ಬರು, ರಾಯರೆಂದೇ ಕರೆಯೋಣ, ಧಾರವಾಡದ ಹೊರಗೆ ಹೀಗೆಯೇ ಒಂದು ಪ್ಲಾಟು ನೋಡಿದರು. 60 ಅಡಿಗೆ 40 ಅಡಿ, 2,400 ಚದರಡಿ, ಚದರಡಿಗೆ 2,000 ರೂಪಾಯಿ, ಒಟ್ಟು 48 ಲಕ್ಷ. ಮೂವತ್ತೈದು ವರ್ಷ ಲೋಕಲ್ ಗಾಡಿಯಲ್ಲಿ ನೇತಾಡಿ ಕೂಡಿಟ್ಟ ಹಣ. ಜೊತೆಗೆ ನಾನೂ ಹೋಗಿದ್ದೆ. ಕೊಡಿಸುವವನು ಉತ್ಸಾಹದಿಂದ ಟೇಪು ಬಿಚ್ಚಿ ನಾಲ್ಕು ಬದಿಯನ್ನೂ ಅಳೆದು ತೋರಿಸಿದ. 60, 40, 60, 40. ಅಂಗುಲವೂ ಹೆಚ್ಚುಕಡಿಮೆಯಿಲ್ಲ. ರಾಯರಿಗೆ ತೃಪ್ತಿಯಾಯಿತು. ಅಷ್ಟರಲ್ಲಿ ಬೇಲಿಯ ಬಳಿ ನಿಂತಿದ್ದ ಅವರ ಮನೆಯವರು, ‘ಮೂಲಿಯಿಂದ ಮೂಲಿಗೂ ಒಮ್ಮೆ ಹಿಡದು ನೋಡ್ರಿ’ ಎಂದರು. ಅವರ ತವರಿನಲ್ಲಿ ಬಡಿಗನು ಹೊರಸು ಮಾಡುವಾಗ ಕಟ್ಟು ಕೂಡಿಸಿದ ಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು, ಎರಡು ಕಡೆಯ ದಾರವೂ ಸಮವಾಗುವವರೆಗೆ ಕಟ್ಟನ್ನು ಗುದ್ದುತ್ತಿದ್ದನಂತೆ. ಎರಡು ಕರ್ಣ ಸಮವಾದರೆ ಮೂಲೆ ನೆಟ್ಟಗಿದೆ. ಅಲ್ಲವಾದರೆ ಹೊರಸು ವಾಲಿದೆ. ಪ್ರಮೇಯವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

‘ನಾಲ್ಕೂ ಕಡೆ ಹಿಡದ ತೋರ್ಸೀನಲ್ರೀ ಅಕ್ಕಾರ, ಇನ್ನೇನ್ ಬೇಕ್ರೀ?’ ಎಂದು ಅವನು ನಕ್ಕ. ಆದರೂ ಹಿಡಿದೆವು. ಒಂದು ಮೂಲೆಯಿಂದ 65 ಅಡಿ. ಇನ್ನೊಂದು ಮೂಲೆಯಿಂದ 78 ಅಡಿ 7 ಅಂಗುಲ. ಆಯತವಾಗಿದ್ದರೆ ಎರಡೂ 72 ಅಡಿಗೆ ಒಂದು ಅಂಗುಲ ಮಿಕ್ಕು ಬರಬೇಕಿತ್ತು.

ಈಗ ಲೆಕ್ಕ. ಎದುರು ಬದಿಗಳು ಸಮವಾದ್ದರಿಂದ ಪ್ಲಾಟು ಸಮಾಂತರ ಚತುರ್ಭುಜವೆಂಬುದರಲ್ಲಿ ಸಂಶಯವಿಲ್ಲ. 60 ಅಡಿಯ ಬದಿಯನ್ನು ಪಾದವೆಂದು ಹಿಡಿದು, ಮೇಲಿನ ಮೂಲೆಯಿಂದ ಅದರ ಮೇಲೆ ಲಂಬವೊಂದನ್ನು ಇಳಿಸಿರಿ. ಓರೆ ಬದಿಯ ಬುಡದಿಂದ ಲಂಬದ ಬುಡದವರೆಗಿನ ದೂರವೇ ನಮ್ಮ ‘ಯಾ’. ಪಾದದ ಇಂಥ ತುಂಡಿಗೆ ಲೀಲಾವತಿಯಲ್ಲಿ ‘ಆಬಾಧಾ’ ಎಂದು ಹೆಸರು. ಒಂದು ಕಡೆಯ ಲಂಬಕೋನ ತ್ರಿಭುಜದಲ್ಲಿ ಯಾ ವರ್ಗ ಮತ್ತು ಲಂಬದ ವರ್ಗ ಸೇರಿ 40ರ ವರ್ಗ, ಎಂದರೆ 1,600. ಇನ್ನೊಂದು ಕಡೆಯದರಲ್ಲಿ 60ರಲ್ಲಿ ಯಾ ಕಳೆದುದರ ವರ್ಗ ಮತ್ತು ಅದೇ ಲಂಬದ ವರ್ಗ ಸೇರಿ 65ರ ವರ್ಗ, ಎಂದರೆ 4,225. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಲಂಬವೂ ಯಾ ವರ್ಗವೂ ಒಟ್ಟಿಗೆ ಮಾಯವಾಗಿ, 3,600 − 120ಯಾ = 2,625 ಎಂದು ಉಳಿಯುತ್ತದೆ. ಆದುದರಿಂದ 120ಯಾ ಎಂದರೆ 975; ಯಾ ಎಂದರೆ 8 ಅಡಿ, ಒಂದೂವರೆ ಅಂಗುಲ. ಲಂಬದ ವರ್ಗವು 1,600ರಲ್ಲಿ 66 ಕಳೆದು 1,534. ಲಂಬ ಸುಮಾರು 39 ಅಡಿ 2 ಅಂಗುಲ. ಇದನ್ನು 60ರಿಂದ ಗುಣಿಸಿದರೆ 2,350 ಚದರಡಿ.

ಐವತ್ತು ಚದರಡಿ ಕಾಣೆ! ಒಂದು ಲಕ್ಷ ರೂಪಾಯಿ. ಕಣ್ಣಿಗೆ ಪ್ಲಾಟು ಸೊಟ್ಟಗಿದೆಯೆಂದು ಯಾರಿಗೂ ತೋರಿರಲಿಲ್ಲ. ಸುತ್ತ ಬೇಲಿ, ಒಳಗೆ ಹುಲ್ಲು, ಮೇಲೆ ಮಧ್ಯಾಹ್ನದ ಬಿಸಿಲು.

ದುಡ್ಡಿನ ನಷ್ಟಕ್ಕಿಂತ ದೊಡ್ಡದು ಮನೆ ಕಟ್ಟುವಾಗಿನ ತೊಂದರೆ. ಕೋಣೆಗಳು ಆಯತವಾಗಿರಬೇಕಷ್ಟೆ. ಎಂಟಡಿ ವಾಲಿದ ಪ್ಲಾಟಿನಲ್ಲಿ 60 ಅಡಿಯ ಬದಿಗೆ ಹೊಂದಿಸಿ ಆಯತ ಕೂರಿಸಹೋದರೆ ಉದ್ದದಲ್ಲಿ 52 ಅಡಿಯೂ ಪೂರ್ತಿ ದಕ್ಕದು. ಎರಡು ತುದಿಗಳಲ್ಲಿ ಒಂದೊಂದು ತ್ರಿಭುಜ ಮಿಕ್ಕುತ್ತದೆ. ಒಂದೊಂದೂ ಸುಮಾರು 159 ಚದರಡಿ. ಅದರಲ್ಲಿ ತುಳಸಿಯೋ ದಾಸವಾಳವೋ ಬೆಳೆಯಬಹುದು, ಕೋಣೆ ಏಳದು. ಸುತ್ತ ಬಿಡಬೇಕಾದ ಜಾಗದ ಮಾತು ಬೇರೆಯೇ.

ಟೇಪು ಸಡಿಲವಾಗಿತ್ತೋ ಏನೋ ಎಂದು ಆ ಮನುಷ್ಯನು ಆಕ್ಷೇಪಿಸಿದ. ಅದಕ್ಕೂ ಈ ಆಕೃತಿಯ ಬಳಿ ಉತ್ತರವಿದೆ. ಸಮಾಂತರ ಚತುರ್ಭುಜದಲ್ಲಿ ಎರಡು ಕರ್ಣಗಳ ವರ್ಗಗಳನ್ನು ಕೂಡಿಸಿದರೆ ನಾಲ್ಕು ಬದಿಗಳ ವರ್ಗಗಳ ಮೊತ್ತಕ್ಕೆ ಸರಿಯಾಗಬೇಕು. ಬದಿಗಳ ಕಡೆಯಿಂದ 1,600 ಎರಡು ಸಲ, 3,600 ಎರಡು ಸಲ, ಒಟ್ಟು 10,400. ಕರ್ಣಗಳ ಕಡೆಯಿಂದ 4,225, ಮತ್ತು 78 ಅಡಿ 7 ಅಂಗುಲದ ವರ್ಗ 6,175. ಕೂಡಿಸಿದರೆ 10,400. ಟೇಪು ಸಡಿಲವಾಗಿದ್ದರೆ ಈ ತಾಳೆ ಬರುತ್ತಿರಲಿಲ್ಲ. ಒಂದು ಕರ್ಣವನ್ನು ಅಳೆದರೆ ಸಾಕು, ಎರಡನೆಯದನ್ನು ಲೆಕ್ಕದಿಂದಲೇ ತೆಗೆಯಬಹುದು. ಆದರೂ ಎರಡನ್ನೂ ಅಳೆಯುವುದು ಈ ತಾಳೆಗಾಗಿ. ಕಚೇರಿಯಲ್ಲಿ ನಾವು ಅಡ್ಡ ಮೊತ್ತ, ಉದ್ದ ಮೊತ್ತ ಎರಡನ್ನೂ ಹಾಕಿ ನೋಡುವಂತೆ.

ಒಂದು ವಾರ ಫೋನಿನಲ್ಲಿ ಜಗ್ಗಾಟವಾಗಿ ಕೊನೆಗೆ ವ್ಯವಹಾರ 2,350 ಚದರಡಿಗೇ ಮುಗಿಯಿತು. ಕ್ರಯಪತ್ರದಲ್ಲಿ ಚಕ್ಕುಬಂದಿಯ ಜೊತೆಗೆ ನಕ್ಷೆಯೊಂದನ್ನು ಲಗತ್ತಿಸಿ, ಅದರಲ್ಲಿ ಎರಡು ಕರ್ಣಗಳ ಅಳತೆಯನ್ನೂ ಬರೆಸಬೇಕೆಂದು ರಾಯರ ಮನೆಯವರು ಹಟ ಹಿಡಿದು ಬರೆಸಿದರು. ಬರಿಯ ನಾಲ್ಕು ಬದಿ ಬರೆದರೆ ಮುಂದೆ ಪಕ್ಕದವನು ಬೇಲಿಯನ್ನು ಇನ್ನಷ್ಟು ವಾಲಿಸಿದರೂ ಕಾಗದದ ಪ್ರಕಾರ ಎಲ್ಲವೂ ಸರಿಯಾಗಿಯೇ ಇರುತ್ತದೆ. ಕರ್ಣ ಬರೆದರೆ ಆಕೃತಿ ಅಲುಗಲಾರದು. ನಾಲ್ಕು ಪಟ್ಟಿಯ ಚೌಕಟ್ಟಿಗೆ ಅಡ್ಡಪಟ್ಟಿ ಹೊಡೆದಂತೆ. ತ್ರಿಭುಜದ ಮೂರು ಬದಿ ಗೊತ್ತಾದರೆ ತ್ರಿಭುಜ ಒಂದೇ. ಅದಕ್ಕೆ ಸೊಟ್ಟಗಾಗಲು ಎಡೆಯಿಲ್ಲ. 1802ರಲ್ಲಿ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಒಂದು ಆಧಾರ ರೇಖೆಯನ್ನು ಅಳೆದು ಆರಂಭಿಸಿದ ಮಹಾ ಮೋಜಣಿಯೂ ದೇಶವನ್ನು ತ್ರಿಭುಜಗಳಾಗಿಯೇ ಹೆಣೆಯುತ್ತ ಸಾಗಿತು.

ಊರಿನ ಹೊಲವೋ ಹಿತ್ತಿಲೋ ಆದರೆ ಎದುರು ಬದಿಗಳು ಸಮವಾಗಿರುವುದೇ ಅಪರೂಪ. ಆಗಲೂ ದಾರಿ ಇದೇ. ಒಂದು ಕರ್ಣ ಅಳೆಯಿರಿ, ಎರಡು ತ್ರಿಭುಜಗಳ ವಿಸ್ತೀರ್ಣವನ್ನು ಬೇರೆ ಬೇರೆ ತೆಗೆದು ಕೂಡಿಸಿರಿ. ಸಮಾಂತರ ಚತುರ್ಭುಜದಲ್ಲಿ ಎರಡು ತ್ರಿಭುಜಗಳೂ ಒಂದೇ ಆಗಿರುವುದರಿಂದ ಒಂದನ್ನು ತೆಗೆದು ಇಮ್ಮಡಿಸುತ್ತೇವೆ, ಇಷ್ಟೇ ವ್ಯತ್ಯಾಸ.

ಇನ್ನು ಈ ಭಾನುವಾರ ಮಕ್ಕಳಿಂದ ಮಾಡಿಸಲು ಒಂದು ಆಟ. ಕಾಗದದ ಮೇಲೆ ಎಷ್ಟು ಸೊಟ್ಟಗೆ ಸಾಧ್ಯವೋ ಅಷ್ಟು ಸೊಟ್ಟಗಿನ ಚತುರ್ಭುಜವನ್ನು ಅವರೇ ಬರೆಯಲಿ. ಯಾವ ಬದಿಯೂ ಇನ್ನೊಂದಕ್ಕೆ ಸಮವಾಗಿರಬೇಕಿಲ್ಲ. ನಾಲ್ಕು ಬದಿಗಳ ನಡುಬಿಂದುಗಳನ್ನು ಗುರುತಿಸಿ ಸಾಲಾಗಿ ಕೂಡಿಸಲಿ. ಒಳಗೆ ಹುಟ್ಟುವುದು ಪ್ರತಿಸಲವೂ ಸಮಾಂತರ ಚತುರ್ಭುಜವೇ. ವಾರಿನ್ಯೋನ್ ಎಂಬ ಫ್ರೆಂಚ್ ಗಣಿತಿಯು ಕಂಡುಕೊಂಡ ಈ ಸಂಗತಿ ಅವನು ತೀರಿಕೊಂಡ ಮೇಲೆ 1731ರಲ್ಲಿ ಅಚ್ಚಾಯಿತು. ಮಕ್ಕಳು ಏಕೆಂದು ಕೇಳಿದರೆ ಹೊರಗಿನ ಚತುರ್ಭುಜಕ್ಕೆ ಒಂದು ಕರ್ಣ ಎಳೆದು ತೋರಿಸಿರಿ: ಒಳಗಿನ ಎರಡು ಎದುರು ಬದಿಗಳು ಆ ಕರ್ಣಕ್ಕೆ ಸಮಾಂತರವಾಗಿಯೂ ಅದರ ಅರ್ಧದಷ್ಟು ಉದ್ದವಾಗಿಯೂ ಇರುತ್ತವೆ. ವಿಸ್ತೀರ್ಣವೆಷ್ಟೆಂದು ಕೇಳಿದರೆ, ಹೊರಗಿನದರ ಸರಿಯಾಗಿ ಅರ್ಧ. ನಾಲ್ಕು ಮೂಲೆಗಳನ್ನು ಕತ್ತರಿಸಿ ಒಳಗಿನದರ ಮೇಲೆ ಜೋಡಿಸಿ ನೋಡಲಿ, ಸಂದಿಲ್ಲದೆ ಮುಚ್ಚಿಕೊಳ್ಳುತ್ತದೆ.